ಸೂಲಂಗಿಯಲ್ಲಿ ಕಾಳು ಕಂಡು ಮೆಕ್ಕೆಜೋಳದ ಮನೆತನ ಹುಡುಕಿದ್ದು

ಹೋದ ಮುಂಗಾರಿನಲ್ಲಿ ಕೆರೆ ಹಿಂದಿನ ಹೊಲಕ್ಕೆ ಮೆಕ್ಕೆಜೋಳ ಹಾಕಿದ್ದೆ. ಎರಡೂವರೆ ಎಕರೆ, ಮಳೆ ನಂಬಿದ ಹೊಲ. ಬಿತ್ತಿದ ಮೇಲೆ ಮಳೆ ಕೈಕೊಟ್ಟು ಬದುವಿನ ಪಕ್ಕದ ಸಾಲುಗಳಲ್ಲಿ ಅರ್ಧಕ್ಕರ್ಧ ಮೊಳಕೆ ಸತ್ತವು. ಆಮೇಲೆ ಒಳ್ಳೆಯ ಮಳೆಯಾಯಿತು. ಗಿಡ ವಿರಳವಾಗಿದ್ದ ಆ ಜಾಗದಲ್ಲಿ ಉಳಿದ ಗಿಡಗಳು ರಾಗಿಯ ಹಾಗೆ ಬುಡದಲ್ಲಿ ತೆಂಡೆ ಒಡೆದವು. ಮೆಕ್ಕೆಜೋಳದಲ್ಲಿ ತೆಂಡೆ ಬಂದರೆ ನಾವು ಮುರಿದು ದನಕ್ಕೆ ಹಾಕುತ್ತೇವೆ. ಈ ಸಲ ಆಳು ಸಿಗದೆ ಹಾಗೇ ಬಿಟ್ಟಿದ್ದೆ.

ತೆನೆ ಮುರಿಯುವ ಹೊತ್ತಿಗೆ ನೋಡಿದರೆ ಆ ತೆಂಡೆಗಳ ತುದಿಯಲ್ಲಿ, ಸೂಲಂಗಿ ಇರಬೇಕಾದ ಕಡೆ, ಕಾಳು ಕಟ್ಟಿದೆ! ಮೇಲೆ ಸಿಪ್ಪೆ ಇಲ್ಲ, ಮುಸುಕಿಲ್ಲ. ನಮ್ಮ ಬಿಳಿ ಜೋಳದ ತೆನೆಯ ಹಾಗೆ ಬಯಲಲ್ಲಿ ಕಾಳು. ಒಂದರಲ್ಲಿ ಎಣಿಸಿದೆ, 27 ಇದ್ದವು. ತುದಿಯಲ್ಲಿ ಮಾತ್ರ ಎಂದಿನ ಸೂಲಂಗಿ. ಇಡೀ ಹೊಲ ಸುತ್ತಿದೆ. ಇಂಥವು 11 ಗಿಡ ಸಿಕ್ಕವು. ಎಲ್ಲವೂ ಆ ವಿರಳ ಸಾಲಿನಲ್ಲೇ.

ಪಕ್ಕದ ಹೊಲದವರು ‘ಬೀಜದಾಗೆ ದೋಷ ಐತೆ, ಅಂಗಡಿಯವನ ಹತ್ರ ಹೋಗಿ ಕೇಳು’ ಅಂದರು. ನಮ್ಮವ್ವ ಅಂತೂ ‘ಗಂಡು ಹೂವಿನಾಗೆ ಕಾಳಾದ್ರೆ ಒಳ್ಳೇದಲ್ಲಪ್ಪಾ’ ಅಂದಳು. ನನಗೆ ಎರಡೂ ಸರಿ ಕಾಣಲಿಲ್ಲ. ನನ್ನ ತಂಗಿಯ ಮಗಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಾಳೆ. ಹಬ್ಬಕ್ಕೆ ಬಂದಾಗ ಒಂದು ತೆಂಡೆ ಕಿತ್ತು ಅವಳ ಮುಂದಿಟ್ಟು, ‘ಏನವ್ವಾ ಇದು?’ ಅಂದೆ. ಅವಳು ನಕ್ಕು, ‘ಮಾವ, ಇದು ರೋಗ ಅಲ್ಲ. ಇದರ ಹಿಂದೆ ದೊಡ್ಡ ಕಥೆ ಇದೆ. ಮೆಕ್ಸಿಕೋ ದೇಶದ ಒಂದು ಕಾಡುಹುಲ್ಲಿನಿಂದ ಶುರು ಮಾಡಬೇಕು’ ಅಂದಳು. ಎರಡು ದಿನ ಕೂತು ಹೇಳಿದಳು. ಆಮೇಲೂ ನಾನು ಬಿಡದೆ ಕೇಳಿ ಕೇಳಿ ಬರೆದುಕೊಂಡೆ. ನಾನು ಓದಿದ್ದು ಏಳನೇ ತರಗತಿ. ನನಗೆ ತಿಳಿದ ಮಟ್ಟಿಗೆ ಇಲ್ಲಿ ಹೇಳುತ್ತೇನೆ.

ಗೋಡೆಗೆ ಅಂಟಿಸಿದ ಒಂದು ಚಿತ್ರ

ಮೆಕ್ಕೆಜೋಳದ ತವರು ಮೆಕ್ಸಿಕೋ. ಅಲ್ಲಿ ಹೊಲದ ಬದುವಿನಲ್ಲಿ, ಬೆಟ್ಟದ ಇಳಿಜಾರಿನಲ್ಲಿ ಟಿಯೊಸಿಂಟೆ ಎಂಬ ಕಾಡುಹುಲ್ಲುಗಳಿವೆ. ದೂರದಿಂದ ನೋಡಿದರೆ ಮೆಕ್ಕೆಜೋಳವೇ. ಹತ್ತಿರ ಹೋದರೆ ಒಂದೇ ದಂಟಿನ ಬದಲು ತುಂಬಾ ಕವಲು, ಪ್ರತಿ ಕವಲಿನ ತುದಿಯಲ್ಲೂ ಸೂಲಂಗಿ. ತೆನೆ ಅನ್ನುವುದು ಕಿರುಬೆರಳಿನಷ್ಟು. ಎರಡು ಸಾಲಿನಲ್ಲಿ ಐದರಿಂದ ಹನ್ನೆರಡು ಕಾಳು, ಒಂದೊಂದು ಕಾಳಿಗೂ ಕಲ್ಲಿನಂಥ ಚಿಪ್ಪು. ಬೆಂಡು ಅನ್ನುವುದೇ ಇಲ್ಲ. ಹಣ್ಣಾದ ಕೂಡಲೇ ಕಾಳುಗಳು ಬಿಡಿಬಿಡಿಯಾಗಿ ನೆಲಕ್ಕೆ ಉದುರುತ್ತವೆ. ಉತ್ತರ ಇಂಡಿಯಾದಲ್ಲಿ ಒಂದು ಬಗೆಯ ಟಿಯೊಸಿಂಟೆಯನ್ನು ‘ಮಕ್ಚಾರಿ’ ಅಂತ ಮೇವಿಗೆ ಬೆಳೆಯುತ್ತಾರೆ.

ಈ ಹುಲ್ಲುಗಳಲ್ಲಿ ಹೆಚ್ಚಿನವು ಒಂದೇ ವರ್ಷದವು. ಮಳೆಗೆ ಹುಟ್ಟಿ, ಬೀಜ ಉದುರಿಸಿ ಸಾಯುತ್ತವೆ. 1910ರಲ್ಲಿ ಹಿಚ್‌ಕಾಕ್ ಎಂಬ ಅಮೆರಿಕದ ಹುಲ್ಲು ಪಂಡಿತರಿಗೆ ಪಶ್ಚಿಮ ಮೆಕ್ಸಿಕೋದ ಹಾಲಿಸ್ಕೋ ರಾಜ್ಯದಲ್ಲಿ ವರ್ಷವರ್ಷವೂ ಬೇರಿನಿಂದ ಚಿಗುರುವ ಒಂದು ಟಿಯೊಸಿಂಟೆ ಸಿಕ್ಕಿತು. 1921ರ ನಂತರ ಅದನ್ನು ಕಾಡಿನಲ್ಲಿ ಕಂಡವರಿರಲಿಲ್ಲ. ಸಂಶೋಧನೆಯವರು ಕುಂಡದಲ್ಲಿ ಬೆಳೆಸಿಕೊಂಡದ್ದು ಮಾತ್ರ ಉಳಿದಿತ್ತು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹ್ಯೂ ಇಲ್ಟಿಸ್ ಎಂಬ ಸಸ್ಯಶಾಸ್ತ್ರಜ್ಞರಿದ್ದರು. ಅವರು ಹುಟ್ಟಿದ್ದು 1925ರಲ್ಲಿ, ಬ್ರನೋ ಊರಿನಲ್ಲಿ. ಬಟಾಣಿ ಗಿಡಗಳನ್ನು ಬೆಳೆಸಿ, ಎಣಿಸಿ ತಂದೆ ತಾಯಿಯ ಗುಣ ಮಕ್ಕಳಿಗೆ ಹೇಗೆ ಹೋಗುತ್ತದೆಂದು ಕಂಡುಹಿಡಿದ ಮೆಂಡೆಲ್ ಇದ್ದದ್ದೂ ಅದೇ ಊರು. ಮೆಂಡೆಲ್‌ರ ಜೀವನ ಚರಿತ್ರೆ ಬರೆದವರು ಈ ಇಲ್ಟಿಸ್‌ರ ತಂದೆ. ಇಲ್ಟಿಸ್ 1976ರ ಕೊನೆಗೆ ಸ್ನೇಹಿತರಿಗೆಲ್ಲ ಹೊಸ ವರ್ಷದ ಶುಭಾಶಯ ಪತ್ರ ಕಳಿಸಿದರು. ಅದರಲ್ಲಿ ಆ ಕಳೆದುಹೋದ ಟಿಯೊಸಿಂಟೆಯ ಚಿತ್ರ ಬರೆಸಿ, ಕಾಡಿನಲ್ಲಿ ಇದು ನಿರ್ನಾಮವಾಗಿದೆ ಅಂತ ಹಾಕಿದ್ದರು.

ಹಾಲಿಸ್ಕೋದ ಗ್ವಾದಲಹಾರ ಊರಿನ ವಿಶ್ವವಿದ್ಯಾಲಯದಲ್ಲಿ ಲುಸ್ ಮರಿಯಾ ವಿಯ್ಯಾರಿಯಲ್ ದೆ ಪೂಗಾ ಅಂತ ಸಸ್ಯಶಾಸ್ತ್ರದ ಮೇಡಂ. ಪತ್ರ ಅವರಿಗೂ ಹೋಯಿತು. ಅವರು ಅದನ್ನು ಗೋಡೆಯ ಬೋರ್ಡಿಗೆ ಅಂಟಿಸಿ, ಇದು ನಮ್ಮ ರಾಜ್ಯದ ಗಿಡ, ಹುಡುಕಿ ತನ್ನಿ ಅಂತ ವಿದ್ಯಾರ್ಥಿಗಳಿಗೆ ಸವಾಲು ಹಾಕಿದರು. ರಾಫಾಯೆಲ್ ಗುಸ್ಮಾನ್ ಎಂಬ ಹುಡುಗ ಹೊರಟ. 1977ರಲ್ಲಿ ಅವನಿಗೆ ಆ ಗಿಡ ಸಿಕ್ಕೇಬಿಟ್ಟಿತು. ನಿರ್ನಾಮ ಅಂದದ್ದು ಬರೀ ಹುಡುಕದೇ ಹೇಳಿದ ಮಾತಾಗಿತ್ತು.

ಹುಡುಗ ಅಲ್ಲಿಗೇ ನಿಲ್ಲಲಿಲ್ಲ. ಅದೇ ರಾಜ್ಯದ ಮನಂತ್ಲಾನ್ ಬೆಟ್ಟಸಾಲಿನಲ್ಲಿಯೂ ಬೇರಿನಿಂದ ಚಿಗುರುವ ಟಿಯೊಸಿಂಟೆ ಇರುವುದು ಅವನಿಗೆ ಗೊತ್ತಾಯಿತು. ಸಮುದ್ರ ಮಟ್ಟದಿಂದ ಸುಮಾರು ಎರಡು ಸಾವಿರ ಮೀಟರ್ ಎತ್ತರದ ಜಾಗ. ಅಲ್ಲಿಯ ಬೀಜ ತಂದು ವಿಸ್ಕಾನ್ಸಿನ್‌ಗೆ ಕಳಿಸಿದ. ಇಲ್ಟಿಸ್ ಮೊದಲು ಇದೂ ಅದೇ ಹಳೇ ಗಿಡ ಅಂದುಕೊಂಡರು. ಬಿತ್ತಿ, ಬೇರಿನ ತುದಿ ತೆಗೆದು ಸೂಕ್ಷ್ಮದರ್ಶಕದಲ್ಲಿ ವರ್ಣತಂತು ಎಣಿಸಿದಾಗ ಎಲ್ಲರಿಗೂ ಆಶ್ಚರ್ಯ.

20 ಮತ್ತು 40ರ ಲೆಕ್ಕ

ವರ್ಣತಂತು ಅಂದರೆ ಜೀವಕೋಶದೊಳಗೆ ವಂಶದ ಗುಣವನ್ನು ಹೊತ್ತಿರುವ ದಾರಗಳು. ನಮ್ಮ ಮೆಕ್ಕೆಜೋಳಕ್ಕೆ 20. ಹಿಚ್‌ಕಾಕ್‌ಗೆ ಸಿಕ್ಕಿದ್ದ ಹಳೇ ಗಿಡಕ್ಕೆ 40. ಹೊಸ ಗಿಡಕ್ಕೆ ಎಷ್ಟು ಅಂದರೆ 20! ಅಂದರೆ ಇದು ಬೇರೆಯೇ ಗಿಡ.

ಇದರಿಂದ ಏನು ವ್ಯತ್ಯಾಸ ಅಂತ ಕೇಳಬಹುದು. 40ರ ಗಿಡಕ್ಕೂ 20ರ ಗಿಡಕ್ಕೂ ಮದುವೆ ಮಾಡಿದರೆ ಹುಟ್ಟುವ ಮಗುವಿಗೆ 30 ಬರುತ್ತದೆ. ಆ ದಾರಗಳು ಸರಿಯಾಗಿ ಜೋಡಿಯಾಗದೆ ಮುಂದಿನ ಪೀಳಿಗೆಗೆ ಬೀಜ ಕಟ್ಟುವುದು ಕೆಡುತ್ತದೆ. ಕಲ್ಲಂಗಡಿಯಲ್ಲಿ ಬೀಜವಿಲ್ಲದ ಹಣ್ಣು ಮಾಡುವುದು ಇದೇ ಉಪಾಯದಿಂದ. ಆದರೆ 20ಕ್ಕೆ 20 ಸೇರಿದರೆ ತೊಂದರೆಯಿಲ್ಲ. ಹೊಸ ಗಿಡವನ್ನು ಮೆಕ್ಕೆಜೋಳದ ಜೊತೆ ಕೂಡಿಸಿದರೆ ಮಕ್ಕಳೂ ಬೀಜ ಕಟ್ಟುತ್ತವೆ, ಮೊಮ್ಮಕ್ಕಳೂ ಕಟ್ಟುತ್ತವೆ. ಮೆಕ್ಕೆಜೋಳಕ್ಕೆ ಹೆಣ್ಣು ಕೊಟ್ಟು ತರಬಹುದಾದ ಮನೆ ಅದು.

1979ರ ಜನವರಿಯಲ್ಲಿ ಇಲ್ಟಿಸ್, ಅವರ ಶಿಷ್ಯ ಜಾನ್ ಡೀಬ್ಲಿ, ಗುಸ್ಮಾನ್ ಮತ್ತು ವರ್ಣತಂತು ಎಣಿಸಿದ ಬಾತಿಯಾ ಪಾಜಿ ಸೇರಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಹೊಸ ಪ್ರಭೇದ ಅಂತ ಪ್ರಕಟಿಸಿದರು. ಹೆಸರು ಜಿಯಾ ಡಿಪ್ಲೊಪೆರೆನ್ನಿಸ್. ‘ಜಿಯಾ’ ಅನ್ನುವುದು ಕುಲದ ಹೆಸರು, ನಮ್ಮ ಮನೆತನದ ಹೆಸರಿದ್ದ ಹಾಗೆ. ಮೆಕ್ಕೆಜೋಳವೂ ಅದೇ ಮನೆತನ, ಅದಕ್ಕೆ ಜಿಯಾ ಮೇಸ್ ಅಂತ ಹೆಸರು. ಇನ್ನೊಂದು ಪದ ಆ ಗಿಡದ ಸ್ವಂತ ಹೆಸರು. ಎರಡೇ ಪಾಲು ವರ್ಣತಂತು ಇದ್ದೂ ವರ್ಷವರ್ಷ ಬದುಕುವಂಥದ್ದು ಅಂತ ಅದರ ಅರ್ಥ.

ಹೊಸ ಗಿಡ ಅಂದದ್ದು ವಿಜ್ಞಾನಿಗಳ ಲೆಕ್ಕದಲ್ಲಿ. ಆ ಬೆಟ್ಟದ ರೈತರಿಗೆ ಅದೇನು ಹೊಸದಲ್ಲ. ಅವರು ಅದನ್ನು ‘ಮಿಲ್ಪಿಯಾ’ ಅನ್ನುತ್ತಿದ್ದರು, ಅಂದರೆ ಪುಟ್ಟ ಮೆಕ್ಕೆಜೋಳದ ಹೊಲ ಅಂತ. ದನ ಮೇಯಿಸುತ್ತಿದ್ದರು. ಇದನ್ನು ಕೇಳಿ ನನಗೆ ಖುಷಿಯಾಯಿತು. ನಮ್ಮ ಬದುವಿನಲ್ಲೂ ಹೆಸರಿಟ್ಟು ಕರೆಯುವ ಹುಲ್ಲು ಎಷ್ಟಿವೆ, ಪುಸ್ತಕದಲ್ಲಿ ಎಷ್ಟಿವೆಯೋ!

ಆಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತಂತೆ. ಒಮ್ಮೆ ಬಿತ್ತಿದರೆ ಹತ್ತು ವರ್ಷ ಕೊಯ್ಯುವ ಮೆಕ್ಕೆಜೋಳ ಬರುತ್ತದೆ, ಉಳುಮೆಯೇ ಬೇಡ ಅಂತ. ಅಂಥ ಬೆಳೆ ಇವತ್ತಿಗೂ ರೈತನ ಹೊಲಕ್ಕೆ ಬಂದಿಲ್ಲ. ನನಗೆ ಅದರಲ್ಲಿ ಆಶ್ಚರ್ಯವಿಲ್ಲ. ಗರಿಕೆ ನೋಡಿ, ಬೇರಿನಲ್ಲಿ ಎಲ್ಲ ಕೂಡಿಟ್ಟುಕೊಳ್ಳುತ್ತದೆ, ತೆನೆಗೆ ಎಷ್ಟು ಕೊಡುತ್ತದೆ? ನಾಳೆ ಬದುಕುತ್ತೇನೆ ಅನ್ನುವ ಗಿಡ ಎಲ್ಲವನ್ನೂ ಕಾಳಿಗೆ ಹಾಕುವುದಿಲ್ಲ. ಆದರೆ ಬೇರೊಂದು ಪ್ರಯೋಜನ ಇತ್ತು. ಮೆಕ್ಕೆಜೋಳವನ್ನು ಕಾಡುವ ಹಲವು ವೈರಸ್ ರೋಗಗಳನ್ನು ಇದು ತಡೆಯುತ್ತದೆ ಅಂತ 1980ರ ದಶಕದ ಶುರುವಿನಲ್ಲೇ ಪರೀಕ್ಷೆ ಮಾಡಿ ಕಂಡರು. ಅದಕ್ಕೆ ಆಮೇಲೆ ಬರುತ್ತೇನೆ.

ಅಜ್ಜಿ ಯಾರು ಅನ್ನುವ ಜಗಳ

ಮೆಕ್ಕೆಜೋಳದ ಮೂಲ ಯಾವುದು ಅಂತ ಅಷ್ಟು ಹೊತ್ತಿಗಾಗಲೇ ನಲವತ್ತು ವರ್ಷದ ಜಗಳ ನಡೆದಿತ್ತು. ಗೋಧಿ, ಭತ್ತ, ಜೋಳ ಎಲ್ಲಕ್ಕೂ ಕಾಡಿನಲ್ಲಿ ಅದೇ ರೂಪದ ಹುಲ್ಲಿದೆ. ಮೆಕ್ಕೆಜೋಳದ ತೆನೆಯಂಥದ್ದು ಕಾಡಿನಲ್ಲಿ ಎಲ್ಲೂ ಇಲ್ಲ. ಯೋಚನೆ ಮಾಡಿ, ಮುಸುಕು ಬಿಚ್ಚದೆ ಆ ತೆನೆಯನ್ನು ನೆಲಕ್ಕೆ ಹಾಕಿದರೆ ಏನಾಗುತ್ತದೆ? ನೂರಾರು ಮೊಳಕೆ ಒಂದೇ ಕಡೆ ಎದ್ದು ಒಂದನ್ನೊಂದು ಕೊಲ್ಲುತ್ತವೆ. ಮನುಷ್ಯ ಬಿಡಿಸಿ ಬಿತ್ತದಿದ್ದರೆ ಇದು ಉಳಿಯುವ ಬೆಳೆಯೇ ಅಲ್ಲ.

ಮ್ಯಾಂಗಲ್ಸ್‌ಡಾರ್ಫ್ ಎಂಬವರು ಮತ್ತು ಅವರ ಜೊತೆಗಾರ ರೀವ್ಸ್ 1930ರ ದಶಕದ ಕೊನೆಯಲ್ಲಿ ಹೇಳಿದ್ದು ಹೀಗೆ: ಕಾಡು ಮೆಕ್ಕೆಜೋಳ ಅಂತ ಒಂದಿತ್ತು, ಅದು ನಾಶವಾಯಿತು, ಟಿಯೊಸಿಂಟೆ ಅದರ ತಾಯಿಯಲ್ಲ, ಮೆಕ್ಕೆಜೋಳಕ್ಕೂ ಟ್ರಿಪ್ಸೇಕಮ್ ಅನ್ನುವ ಇನ್ನೊಂದು ಕುಲದ ಹುಲ್ಲಿಗೂ ಹುಟ್ಟಿದ್ದು. ಜಾರ್ಜ್ ಬೀಡಲ್ ಎಂಬವರು 1939ರಲ್ಲಿ ಇದನ್ನು ಒಪ್ಪದೆ, ಟಿಯೊಸಿಂಟೆಯೇ ಮೂಲ ಅಂದರು. ಕಲ್ಲಿನಂಥ ಚಿಪ್ಪಿನ ಕಾಳನ್ನು ಹಿಂದಿನವರು ತಿನ್ನುತ್ತಿದ್ದರೇ ಅಂತ ಕೇಳಿದ್ದಕ್ಕೆ, ಬಿಸಿಗೆ ಹಾಕಿ ಅರಳು ಹುರಿದು ತೋರಿಸಿದರು. ಟಿಯೊಸಿಂಟೆಯೂ ಪಾಪ್‌ಕಾರ್ನ್ ಹಾಗೆ ಅರಳುತ್ತದೆ!

ಬೀಡಲ್ ಬೇರೆ ಕೆಲಸಕ್ಕೆ ಹೋಗಿ 1958ರಲ್ಲಿ ನೊಬೆಲ್ ಬಹುಮಾನ ಪಡೆದರು. ನಿವೃತ್ತಿಯಾದ ಮೇಲೆ ಮತ್ತೆ ಹಳೆಯ ಹಟ ಹಿಡಿದು ಮೆಕ್ಸಿಕೋದಲ್ಲಿ ಮೆಕ್ಕೆಜೋಳಕ್ಕೂ ಟಿಯೊಸಿಂಟೆಗೂ ಸಂಕರ ಮಾಡಿ, ಮೊಮ್ಮಕ್ಕಳ ಪೀಳಿಗೆಯ 50,000 ಗಿಡ ಬೆಳೆಸಿದರು. ಅವುಗಳಲ್ಲಿ ಸುಮಾರು 500ಕ್ಕೆ ಒಂದು ಪೂರ್ತಿ ಮೆಕ್ಕೆಜೋಳದಂತೆ, 500ಕ್ಕೆ ಒಂದು ಪೂರ್ತಿ ಟಿಯೊಸಿಂಟೆಯಂತೆ ಇತ್ತು. ಇದರ ಲೆಕ್ಕ ನನಗೆ ಬಹಳ ಹಿಡಿಸಿತು. ಒಂದೇ ಒಂದು ಗುಣದ ವ್ಯತ್ಯಾಸವಿದ್ದರೆ ಮೊಮ್ಮಕ್ಕಳಲ್ಲಿ ನಾಲ್ಕಕ್ಕೆ ಒಂದು ಅಜ್ಜಿಯನ್ನು ಹೋಲುತ್ತದೆ. ಎರಡಿದ್ದರೆ ನಾಲ್ಕು ನಾಲ್ಕಲೆ ಹದಿನಾರಕ್ಕೆ ಒಂದು. ಮೂರಿದ್ದರೆ 64ಕ್ಕೆ ಒಂದು. ನಾಲ್ಕಿದ್ದರೆ 256ಕ್ಕೆ, ಐದಿದ್ದರೆ 1024ಕ್ಕೆ. 500 ಅನ್ನುವುದು ನಾಲ್ಕಕ್ಕೂ ಐದಕ್ಕೂ ನಡುವೆ ಬರುತ್ತದೆ. ಅಂದರೆ ಆ ಹುಲ್ಲಿಗೂ ಈ ತೆನೆಗೂ ನಡುವೆ ಇರುವ ದೊಡ್ಡ ವ್ಯತ್ಯಾಸಗಳು ನಾಲ್ಕೈದೇ.

ಆಮೇಲೆ ಡೀಬ್ಲಿ ಮತ್ತು ಅವರ ಜೊತೆಯವರು ಇಂಥ ಗುಣ ಹೊತ್ತ ವಂಶವಾಹಿಗಳನ್ನೇ ಹಿಡಿದರು. ಒಂದು ಗಿಡದ ಕವಲನ್ನು ಅಡಗಿಸುತ್ತದೆ. ಇನ್ನೊಂದು ಕಾಳಿನ ಚಿಪ್ಪಿನದು. 2005ರಲ್ಲಿ ಆ ಚಿಪ್ಪಿನ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದದ್ದರಿಂದ ಕಾಳು ಚಿಪ್ಪಿನಿಂದ ಹೊರಬಂತು ಅಂತ ತೋರಿಸಿದರು. ನಾಲ್ಕೈದು ದೊಡ್ಡದಲ್ಲದೆ ಸಣ್ಣಪುಟ್ಟ ಬದಲಾವಣೆ ಬಹಳ ಇವೆ. ಅವನ್ನೆಲ್ಲ ಅಲ್ಲಿಯ ರೈತರು ಸಾವಿರಾರು ವರ್ಷ ಒಳ್ಳೆಯ ತೆನೆ ಆರಿಸಿ ಬೀಜಕ್ಕಿಟ್ಟು ಕೂಡಿಸಿದ್ದು.

ಈ ಜಗಳದ ನಡುವೆ 1979ರಲ್ಲಿ ಹೊಸ ಗಿಡ ಬಂದಾಗ, ಇದೇ ಅಜ್ಜಿಯಲ್ಲಿ ಒಬ್ಬಳು ಅಂತ ಒಂದು ಗುಂಪು ವಾದ ಮಾಡಿತು. ಬೇರಿನಿಂದ ಚಿಗುರುವ ಇದಕ್ಕೂ ಹಳೇ ಮೆಕ್ಕೆಜೋಳಕ್ಕೂ ಸಂಬಂಧವಾಗಿ ಒಂದು ವರ್ಷದ ಟಿಯೊಸಿಂಟೆಗಳು ಹುಟ್ಟಿದವು ಅಂತ. ಮಾತಿನಲ್ಲಿ ತೀರದ ಇಂಥ ವ್ಯಾಜ್ಯಕ್ಕೆ ಪಹಣಿ ಬೇಕು. ಗಿಡದ ಪಹಣಿ ಇರುವುದು ಅದರ ಜೀವಕೋಶದಲ್ಲಿ. 1980ರ ದಶಕದಲ್ಲಿ ಪ್ರೋಟೀನ್ ಹೋಲಿಸಿ, ಆಮೇಲೆ ಡಿಎನ್‌ಎ ಹೋಲಿಸಿ ನೋಡಿದರು. 2002ರಲ್ಲಿ ಮತ್ಸುವೋಕ ಮತ್ತು ಡೀಬ್ಲಿ ತಂಡ ಮೆಕ್ಕೆಜೋಳ, ಟಿಯೊಸಿಂಟೆ ಎರಡೂ ಸೇರಿ 264 ಗಿಡಗಳನ್ನು ಹೋಲಿಸಿ ತೀರ್ಪು ಕೊಟ್ಟಿತು. ಎಲ್ಲ ಮೆಕ್ಕೆಜೋಳವೂ ಒಂದೇ ಮೂಲದ್ದು, ಮೂಲ ದಕ್ಷಿಣ ಮೆಕ್ಸಿಕೋದ ಬಾಲ್ಸಾಸ್ ನದಿ ಕಣಿವೆಯ ಒಂದು ವರ್ಷದ ಟಿಯೊಸಿಂಟೆ, ಕಾಲ ಸುಮಾರು 9,000 ವರ್ಷ ಹಿಂದೆ. ಅದೇ ಕಣಿವೆಯ ಶಿವಾತೋಷ್ತ್ಲಾ ಎಂಬ ಕಲ್ಲಾಸರೆಯಲ್ಲಿ ಬೀಸುವ ಕಲ್ಲುಗಳ ಸಂದಿಯಲ್ಲಿ ಸಿಕ್ಕ ಮೆಕ್ಕೆಜೋಳದ ಹಿಟ್ಟಿನ ಕಣ 8,700 ವರ್ಷ ಹಳೆಯದು ಅಂತ 2009ರಲ್ಲಿ ಪ್ರಕಟವಾಯಿತು. ಎರಡು ಲೆಕ್ಕವೂ ಹೊಂದಿತು.

2023ರಲ್ಲಿ ಇನ್ನೊಂದು ತಿದ್ದುಪಡಿ ಬಂತು. ಈಗಿನ ಮೆಕ್ಕೆಜೋಳದಲ್ಲಿ ಸುಮಾರು ಐದರಲ್ಲೊಂದು ಪಾಲು ಎತ್ತರದ ಬೆಟ್ಟದ ಬೇರೊಂದು ಟಿಯೊಸಿಂಟೆಯದು. ಕಣಿವೆಯ ಬೆಳೆಯನ್ನು ರೈತರು ಬೆಟ್ಟಕ್ಕೆ ಒಯ್ದಾಗ ಅಲ್ಲಿಯ ಕಾಡುಹುಲ್ಲಿನ ಪರಾಗ ಬಿದ್ದು ಸೇರಿದ್ದು. ಅಲ್ಲಿಂದ ಆ ಬೆರಕೆ ಎಲ್ಲ ಕಡೆ ಹರಡಿತು.

ಹಾಗಾಗಿ ಗುಸ್ಮಾನ್‌ಗೆ ಸಿಕ್ಕ ಗಿಡ ಅಜ್ಜಿಯಲ್ಲ, ಅಜ್ಜಿಯ ಮನೆತನದ ಹಿರಿ ಕವಲಿನವಳು, ದೊಡ್ಡಜ್ಜಿ ಅನ್ನಬಹುದು. ಆ ಕವಲಿನಲ್ಲಿ 40 ವರ್ಣತಂತಿನವಳೂ ಇದ್ದಾಳೆ. ನಿಕರಾಗುವ ದೇಶದ ಕಡಲ ತಗ್ಗಿನಲ್ಲಿ ನೀರು ನಿಂತರೂ ಕೊಳೆಯದೆ ಬೆಳೆಯುವ ಒಬ್ಬಳಿದ್ದಾಳೆ, ಅವಳಿಗೆ ಇಲ್ಟಿಸ್ ಮತ್ತು ಬೆಂಜ್ 2000ದಲ್ಲಿ ಹೆಸರಿಟ್ಟರು. ಜಿಯಾ ಮನೆತನ ಅಂದರೆ ಹೀಗೆ ಐದಾರು ಪ್ರಭೇದ, ಅಷ್ಟೇ. ಪಕ್ಕದ ಮನೆ ಟ್ರಿಪ್ಸೇಕಮ್.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಬಿಳಿ ಜೋಳ ಸಿಗುತ್ತದೆ! ಸುಮಾರು 120 ಲಕ್ಷ ವರ್ಷ ಹಿಂದೆ ಜೋಳದ ವಂಶವೂ ಮೆಕ್ಕೆಜೋಳದ ವಂಶವೂ ಕವಲೊಡೆದವು ಅಂತ ಲೆಕ್ಕ. ಆಮೇಲೆ, ಹತ್ತಿರ ಹತ್ತಿರ 50 ಲಕ್ಷ ವರ್ಷ ಹಿಂದೆ, ಎರಡು ಹತ್ತಿರದ ಹುಲ್ಲುಗಳು ಕೂಡಿ ವಂಶದ ಗಂಟೇ ಇಮ್ಮಡಿಯಾಯಿತು. ಅದರಿಂದ ಬಂದದ್ದು ಜಿಯಾ ಕುಲ. ಬರಬರುತ್ತಾ ಅದರ ದಾರಗಳು ಒಡೆದು ಕೂಡಿ ಮತ್ತೆ 20ಕ್ಕೇ ಇಳಿದವು. ಜೋಳಕ್ಕೂ 20 ಇದೆ. ಆದರೆ ಬಿಚ್ಚಿ ಓದಿದರೆ ಮೆಕ್ಕೆಜೋಳದ ಬರಹ ಜೋಳದ್ದಕ್ಕಿಂತ ಮೂರು ಪಟ್ಟು ಉದ್ದ. ಎರಡನ್ನೂ 2009ರಲ್ಲೇ ಓದಿ ಮುಗಿಸಿದ್ದಾರೆ. ನಮ್ಮ ಹಿರಿಯರು ಹೊರಗಿನಿಂದ ಬಂದ ಈ ಬೆಳೆಗೆ ಮುಸುಕಿನ ಜೋಳ, ಗೋವಿನ ಜೋಳ, ಮೆಕ್ಕೆಜೋಳ ಅಂತ ಎಲ್ಲ ಕಡೆಯೂ ಜೋಳ ಅಂತಲೇ ಕರೆದರು. ಯಾರೂ ಅವರಿಗೆ ಡಿಎನ್‌ಎ ತೋರಿಸಿರಲಿಲ್ಲ.

ಇಲ್ಲೊಂದು ಮಾತು. ಸೋಮನಾಥಪುರದ ಹೊಯ್ಸಳ ಗುಡಿಯ ಮೂರ್ತಿಗಳ ಕೈಯಲ್ಲಿ ಮೆಕ್ಕೆಜೋಳದ ತೆನೆ ಇದೆ, ಆದ್ದರಿಂದ ಕೊಲಂಬಸ್‌ಗಿಂತ ಮೊದಲೇ ಅದು ಇಲ್ಲಿತ್ತು ಅಂತ 1989ರಲ್ಲಿ ಇಬ್ಬರು ಅಮೆರಿಕದವರು ಬರೆದರು. ಅದು ಮುತ್ತು ಪೋಣಿಸಿದ ಶಿಲ್ಪದ ಹಣ್ಣು ಅಂತ ನಮ್ಮ ದೇಶದ ವಿಜ್ಞಾನಿಗಳು ಉತ್ತರ ಕೊಟ್ಟರು. ನಾನೂ ಹೋಗಿ ನೋಡಿದ್ದೇನೆ. ನೋಡಲು ತೆನೆಯ ಹಾಗೇ ಇದೆ, ಒಪ್ಪುತ್ತೇನೆ. ಆದರೆ ಹಳೇ ಕಣದ ಮಣ್ಣಿನಲ್ಲಿ ಒಂದು ಬೆಂಡಾದರೂ ಸಿಗದೆ ಕಲ್ಲಿನ ತೆನೆ ನಂಬಿ ಹೇಗೆ ಹೇಳುವುದು?

ನನ್ನ ಸೂಲಂಗಿಯ ಕಾಳು

ಈಗ ನನ್ನ ಹೊಲಕ್ಕೆ ಬರೋಣ. ಟಿಯೊಸಿಂಟೆಯ ಪ್ರತಿ ಕವಲಿನ ತುದಿಯಲ್ಲೂ ಗಂಡು ಸೂಲಂಗಿ ಇರುತ್ತದೆ ಅಂದೆನಲ್ಲ. ಮೆಕ್ಕೆಜೋಳದಲ್ಲಿ ಆ ಕವಲು ಗಿಡ್ಡವಾಗಿ, ತುದಿಯಲ್ಲಿ ಸೂಲಂಗಿಯ ಬದಲು ಹೆಣ್ಣು ತೆನೆ ಬಂದಿದೆ. ಇದನ್ನು ಯಾರು ಬೇಕಾದರೂ ನೋಡಬಹುದು. ತೆನೆ ಮುರಿದಾಗ ಅದರ ತೊಟ್ಟನ್ನು ಕುಡುಗೋಲಿನಿಂದ ಉದ್ದಕ್ಕೆ ಸೀಳಿ. ಅದರಲ್ಲಿ ದಂಟಿನ ಹಾಗೇ ಗೆಣ್ಣುಗಳಿವೆ, ಒತ್ತೊತ್ತಾಗಿ. ಒಂದೊಂದು ಗೆಣ್ಣಿನಿಂದ ಒಂದೊಂದು ಮುಸುಕಿನ ಎಲೆ. ಅಂದರೆ ತೊಟ್ಟು ಅನ್ನುವುದು ಕುಗ್ಗಿದ ಕೊಂಬೆ, ಮುಸುಕು ಅದರ ಎಲೆಗಳ ಬುಡ. ನಲವತ್ತು ವರ್ಷ ತೆನೆ ಮುರಿದಿದ್ದೇನೆ, ಒಮ್ಮೆಯೂ ಸೀಳಿ ನೋಡಿರಲಿಲ್ಲ.

ಹೂವು ಎಳೆಯದಿದ್ದಾಗ ಸೂಲಂಗಿಯ ಒಂದೊಂದು ಹೂವಿನಲ್ಲೂ ಗಂಡು ಹೆಣ್ಣು ಎರಡರ ಮೊಳಕೆಯೂ ಇರುತ್ತದಂತೆ. ಬೆಳೆಯುತ್ತಾ ಒಂದು ಬಾಡುತ್ತದೆ. ಮೇಲಿನ ಸೂಲಂಗಿಯಲ್ಲಿ ಹೆಣ್ಣು ಬಾಡಿ ಗಂಡು ಉಳಿಯುತ್ತದೆ, ತೆನೆಯಲ್ಲಿ ಗಂಡು ಬಾಡಿ ಹೆಣ್ಣು ಉಳಿಯುತ್ತದೆ. ತೆಂಡೆಯ ತುದಿಯಲ್ಲಿ ಕೆಲವು ಸಲ ಈ ತೀರ್ಮಾನ ಪೂರ್ತಿಯಾಗದೆ ಅರ್ಧ ಗಂಡು, ಅರ್ಧ ಹೆಣ್ಣಾಗಿ ಕಾಳು ಕಟ್ಟುತ್ತದೆ. 1983ರಲ್ಲಿ ಇಲ್ಟಿಸ್ ಇದೇ ಜಾಡು ಹಿಡಿದು, ಮೆಕ್ಕೆಜೋಳದ ತೆನೆ ಹುಟ್ಟಿದ್ದೇ ಟಿಯೊಸಿಂಟೆಯ ಕವಲಿನ ಗಂಡು ಸೂಲಂಗಿ ಹೆಣ್ಣಾಗಿ ತಿರುಗಿದ್ದರಿಂದ ಅಂತ ವಾದಿಸಿದರು. ಅವರು ಹೇಳಿದಷ್ಟು ಒಮ್ಮೆಗೇ ಆದದ್ದಲ್ಲ ಅಂತ ವಂಶವಾಹಿಗಳ ಕೆಲಸ ತೋರಿಸಿದೆ. ಆದರೂ ಬದುವಿನ ಪಕ್ಕದ ಆ ಹನ್ನೊಂದು ಗಿಡ ನೋಡುವಾಗ, ವಾದ ಎಲ್ಲಿಂದ ಬಂತು ಅಂತ ನನಗೆ ಅರ್ಥವಾಯಿತು. ಆ ಕಾಳನ್ನು ಹಿತ್ತಲಿನಲ್ಲಿ ಬಿತ್ತಿ ನೋಡಿದೆ. 14 ಹಾಕಿದ್ದೆ, 9 ಹುಟ್ಟಿದವು. ಎಲ್ಲವೂ ಎಂದಿನ ಮೆಕ್ಕೆಜೋಳವೇ. ಹೈಬ್ರಿಡ್‌ನ ಮಕ್ಕಳಾದ್ದರಿಂದ ಎತ್ತರ ಮಾತ್ರ ಏರುಪೇರು. ಅಂಗಡಿಯವರ ಮೇಲೆ ಜಗಳಕ್ಕೆ ಹೋಗದಿದ್ದದ್ದು ಒಳ್ಳೆಯದಾಯಿತು.

ಬೇಲಿ ಹಾಕಿದರೆ ಸಾಯುವ ಹುಲ್ಲು

ಹೊಸ ಗಿಡ ಸಿಕ್ಕಿದ್ದರಿಂದ ಆ ಬೆಟ್ಟಕ್ಕೆ ಒಂದು ಉಪಕಾರವಾಯಿತು. 1987ರಲ್ಲಿ ಮೆಕ್ಸಿಕೋ ಸರ್ಕಾರ ಮನಂತ್ಲಾನ್‌ನ ಸುಮಾರು 1 ಲಕ್ಷ 39 ಸಾವಿರ ಹೆಕ್ಟೇರನ್ನು ಜೀವಗೋಲ ಸಂರಕ್ಷಿತ ಪ್ರದೇಶ ಮಾಡಿತು. ಬೆಳೆಯೊಂದರ ಕಾಡು ನೆಂಟನಿಗಾಗಿ ಅಷ್ಟು ದೊಡ್ಡ ಬೆಟ್ಟ ಉಳಿಸಿದ್ದು ಅಪರೂಪ. ಆದರೆ ಕಾಯುತ್ತಾ ಹೋದಾಗ ಒಂದು ವಿಷಯ ತಿಳಿಯಿತು. ಈ ಹುಲ್ಲಿಗೆ ಬಿಸಿಲು ಬೇಕು. ಅಲ್ಲಿಯ ರೈತರು ಕಾಡು ಕಡಿದು ಸುಟ್ಟು, ಕೆಲವು ವರ್ಷ ಮೆಕ್ಕೆಜೋಳ ಬೆಳೆದು, ಬೀಳು ಬಿಟ್ಟು ದನ ಮೇಯಿಸಿದ ಜಾಗದಲ್ಲೇ ಅದು ಚೆನ್ನಾಗಿರುವುದು. ಜನರನ್ನು, ದನವನ್ನು ಪೂರ್ತಿ ಹೊರಗಿಟ್ಟರೆ ಮರ ಎದ್ದು ನೆರಳಾಗಿ ಹುಲ್ಲು ಸಾಯುತ್ತದೆ. ಅಂದರೆ ಅದನ್ನು ಅಷ್ಟು ಕಾಲ ಉಳಿಸಿದ್ದು ತಿಳಿದೋ ತಿಳಿಯದೆಯೋ ಆ ಬೆಟ್ಟದ ಬೇಸಾಯಗಾರರೇ.

ಇಂಥ ಹುಲ್ಲು ಉಳಿದರೆ ನಮಗೇನು ಅನ್ನುವವರಿಗೆ ನನ್ನ ಅನುಭವ ಹೇಳುತ್ತೇನೆ. ಹತ್ತು ಹನ್ನೆರಡು ವರ್ಷದ ಹಿಂದೆ ನಮ್ಮ ಊರಿನ ಹೆಚ್ಚಿನವರು ಒಂದೇ ಬಗೆಯ ಪಾಕೀಟು ಬೀಜ ಹಾಕಿದ್ದೆವು. ಆ ವರ್ಷ ಕೇದಿಗೆ ರೋಗ ಬಂತು. ಎಲೆಯೆಲ್ಲ ಕೇದಿಗೆ ಹೂವಿನ ಹಾಗೆ ಬಿಳಿಚಿಕೊಂಡು, ಗಿಡ ಕುಗ್ಗಿ, ತೆನೆಯೇ ಇಲ್ಲ. ನನ್ನ ಎರಡು ಎಕರೆ ಕೊಯ್ದು ದನಕ್ಕೆ ಹಾಕಿದೆ. ಒಬ್ಬರ ಹೊಲದಲ್ಲೂ ತಡೆಯುವ ಗಿಡ ಇರಲಿಲ್ಲ, ಎಲ್ಲವೂ ಒಂದೇ ತಾಯಿಯ ಮಕ್ಕಳು. ದೊಡ್ಡ ದೇಶಕ್ಕೂ ಇದೇ ಆಗಿದೆ. ಹೈಬ್ರಿಡ್ ಬೀಜ ಮಾಡಲು ಹೆಣ್ಣು ಸಾಲಿನ ಸೂಲಂಗಿ ಕೀಳಬೇಕು, ಬೀಜೋತ್ಪಾದನೆ ಮಾಡುವವರಿಗೆ ಆ ಕೂಲಿಯ ಕಷ್ಟ ಗೊತ್ತು. ಅಮೆರಿಕದಲ್ಲಿ ಕೂಲಿ ಉಳಿಸಲು ಪರಾಗವೇ ಬಾರದ ಒಂದು ಬಗೆಯ ತಾಯಿಯನ್ನು ಎಲ್ಲರೂ ಬಳಸಿದರು. ಅದೇ ತಾಯಿಗೆ ಒಗ್ಗಿದ ಎಲೆ ಅಂಗಮಾರಿ ರೋಗ 1970ರಲ್ಲಿ ಬಂದು ದೇಶದ ಮೆಕ್ಕೆಜೋಳದಲ್ಲಿ ಸುಮಾರು ನೂರಕ್ಕೆ 15 ಪಾಲು ಹೋಯಿತು. 2018ರಲ್ಲಿ ನಮ್ಮ ರಾಜ್ಯಕ್ಕೆ ಬಂದು ಸುಳಿ ತಿಂದ ಸೈನಿಕ ಹುಳುವಿನ ತವರೂ ಮೆಕ್ಕೆಜೋಳದ ತವರಿನ ಕಡೆಯೇ. ಸುಳಿಗೆ ಮರಳು ಹಾಕಿ, ಬೂದಿ ಹಾಕಿ, ಔಷಧಿ ಹೊಡೆದು ಸುಸ್ತಾದೆವಲ್ಲ! ಬೆಳೆ ಮುಂದೆ ಬಂತು, ಶತ್ರು ಹಿಂದಿನಿಂದ ಬಂತು. ಶತ್ರುವಿನ ಜೊತೆ ಬದುಕಿ ಗೊತ್ತಿರುವ ನೆಂಟರು ಮಾತ್ರ ಅಲ್ಲೇ ಬೆಟ್ಟದಲ್ಲಿ ಉಳಿದಿದ್ದಾರೆ.

ನಮ್ಮಜ್ಜಿ ಹಿತ್ತಲಿನಲ್ಲಿ ಗೇಣುದ್ದದ ಒಂದು ಹಳದಿ ಗೋವಿನ ಜೋಳ ಹಾಕುತ್ತಿದ್ದಳು. ಕಾಳು ಸಣ್ಣ, ಗಟ್ಟಿ, ಹುರಿದರೆ ಚೆನ್ನಾಗಿ ಅರಳುತ್ತಿತ್ತು. ಮುಸುಕು ಹಿಂದಕ್ಕೆ ಎಳೆದು ಜಡೆ ಹಾಕಿ ಒಲೆಯ ಮೇಲೆ ಹೊಗೆಗೆ ನೇತು ಹಾಕುತ್ತಿದ್ದಳು. ಹುಳು ಹಿಡಿಯುತ್ತಿರಲಿಲ್ಲ. ಅಜ್ಜಿ ತೀರಿದ ಮೇಲೆ ಒಂದೆರಡು ವರ್ಷ ಅವ್ವ ಹಾಕಿದಳು. ಮನೆ ರಿಪೇರಿ ಮಾಡಿಸಿ ಒಲೆ ತೆಗೆದು ಗ್ಯಾಸ್ ತಂದಾಗ ಆ ಜಡೆ ಎಲ್ಲಿಟ್ಟೆವೋ, ಕೋಳಿಗೆ ಹಾಕಿದೆವೋ ನೆನಪಿಲ್ಲ. ಆಗ ಅದು ದೊಡ್ಡ ವಿಷಯ ಅನ್ನಿಸಿರಲಿಲ್ಲ. ಈ ಕಥೆ ಕೇಳಿದ ಮೇಲೆ ಸುತ್ತಲ ಏಳೆಂಟು ಊರಲ್ಲಿ ವಿಚಾರಿಸಿದೆ. ಎರಡು ಕಡೆ ‘ಹೋದ ವರ್ಷದ ತನಕ ಇತ್ತು’ ಅಂದರು.

ಮನಂತ್ಲಾನ್‌ನ ಗಿಡವನ್ನೂ ಹೀಗೇ ಇಲ್ಲ ಅಂದಿದ್ದರಲ್ಲ ಅಂತ ಹುಡುಕುವುದು ಬಿಟ್ಟಿಲ್ಲ. ಈ ಪತ್ರಿಕೆ ಓದುವವರಲ್ಲಿ ಯಾರ ಅಟ್ಟದಲ್ಲಾದರೂ ಆ ಗೇಣುದ್ದದ ಹಳದಿ ತೆನೆ ಇದ್ದರೆ ಸಂಪಾದಕರಿಗೆ ಒಂದು ಕಾಗದ ಹಾಕಿ. ಒಂದು ಬೊಗಸೆ ಕಾಳು ಸಾಕು. ಬೇರೆ ಮೆಕ್ಕೆಜೋಳದ ಪರಾಗ ಬೀಳದ ಹಾಗೆ ದೂರದ ಹೊಲದಲ್ಲಿ, ಎಲ್ಲರಿಗಿಂತ ಒಂದು ತಿಂಗಳು ತಡವಾಗಿ ಬಿತ್ತಿ, ಎರಡು ಬೊಗಸೆ ಮಾಡಿ ವಾಪಸು ಕಳಿಸುತ್ತೇನೆ.